ಎಡ–ಬಲಗಳ ದಾರಿ: ಹಲವು ಔಟ್‌ಪುಟ್‌ಗಳ ಆಡಿಯೊ ಇಂಟರ್ಫೇಸಿನಲ್ಲಿ ಸ್ಟೀರಿಯೊ ಧ್ವನಿ

ಸಭೆಯಲ್ಲಿರುವ ಹಿರಿಯರಿಗೂ, ಧ್ವನಿ ನಿರ್ವಹಣೆಯನ್ನು ಕಲಿಯಲೆಂದು ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರಗಳಿಂದ ಮಡಿಕೇರಿಗೆ ಬಂದಿರುವ ಗೆಳೆಯರಿಗೂ ನಮಸ್ಕಾರ.

ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ದಶಮಂಟಪಗಳು ಈ ಊರಿನ ಬೀದಿಗಳಲ್ಲಿ ಬೆಳಗಿನವರೆಗೆ ಸಾಗುವಾಗ ಜನರ ಕಣ್ಣು ಚಲಿಸುವ ಮೂರ್ತಿಗಳ ಮೇಲಿರುತ್ತದೆ. ಯಾವ ಮಾತಿಗೆ ಯಾವ ಮೂರ್ತಿ ಕೈ ಎತ್ತಬೇಕೆಂದು ನೋಡಿಕೊಳ್ಳುವವರು ಮರೆಯಲ್ಲಿ ನಿಂತಿರುತ್ತಾರೆ. ಕಥೆಯ ಸಂಭಾಷಣೆ, ಸಂಗೀತಗಳು ದೊಡ್ಡ ಸ್ಪೀಕರ್‌ಗಳಿಗೆ ಹೋಗಬೇಕು. ‘ಮೂರು, ಎರಡು, ಒಂದು’ ಎಂಬ ಸೂಚನೆ ಮರೆಯಲ್ಲಿರುವವರ ಹೆಡ್‌ಫೋನಿಗೆ ಮಾತ್ರ ಹೋಗಬೇಕು, ಬೀದಿಯಲ್ಲಿ ನಿಂತವರಿಗೆ ಕೇಳಿಸಲೇಬಾರದು. ಕೈಯಲ್ಲಿರುವುದು ಒಂದು ಲ್ಯಾಪ್‌ಟಾಪ್, ಎಂಟು ಔಟ್‌ಪುಟ್‌ಗಳಿರುವ ಒಂದು ಆಡಿಯೊ ಇಂಟರ್ಫೇಸ್ (ಕಂಪ್ಯೂಟರಿನ ಧ್ವನಿಯನ್ನು ಹಲವು ಸಾಕೆಟ್‌ಗಳಿಂದ ಹೊರಗೆ ಕೊಡುವ ಪೆಟ್ಟಿಗೆ) ಎಂದುಕೊಳ್ಳೋಣ. ಕಥೆ 1–2ರಲ್ಲಿ, ಸೂಚನೆ 3–4ರಲ್ಲಿ ಹೊರಬರುವಂತೆ ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಸ್ಟೀರಿಯೊ ಫೈಲಿಗೆ ಗೊತ್ತಿರುವುದು ಎಡ ಮತ್ತು ಬಲ, ಅಷ್ಟೇ. ಪೆಟ್ಟಿಗೆಯ ಹಿಂಬದಿಯಲ್ಲಿ 3, 4 ಎಂದು ಬರೆದ ಸಾಕೆಟ್‌ಗಳಿವೆ ಎಂಬುದು ಅದಕ್ಕೆ ತಿಳಿಯದು. ಆ ಎಡ–ಬಲಗಳು ಎಲ್ಲಿ ಹೊರಬರಬೇಕೆಂದು ತೀರ್ಮಾನಿಸುವ ಜಾಗಗಳು ಮೂರು: ಫೈಲನ್ನು ನುಡಿಸುವ ಪ್ರೋಗ್ರಾಂ, ಡ್ರೈವರ್ (ಕಂಪ್ಯೂಟರಿಗೂ ಪೆಟ್ಟಿಗೆಗೂ ಸಂಪರ್ಕ ಕಲ್ಪಿಸುವ ತಂತ್ರಾಂಶ) ಸಹಿತವಾದ ಆಪರೇಟಿಂಗ್ ಸಿಸ್ಟಂ, ಹಾಗೂ ಧ್ವನಿಗಳನ್ನು ಬೆರೆಸಿ ಹಂಚಲು ಇಂಟರ್ಫೇಸಿನ ಒಳಗೇ ಇರುವ ಮಿಕ್ಸರ್. ಈ ಮೂರರಲ್ಲಿ ಯಾವುದನ್ನು ನಾವು ವಿಚಾರಿಸದೆ ಬಿಟ್ಟರೂ ಅದು ತನ್ನ ಪಾಡಿಗೆ ಒಂದು ತೀರ್ಮಾನ ಮಾಡಿರುತ್ತದೆ.

ನಡುವಿನ ಜಾಗ, ಎಂದರೆ ಆಪರೇಟಿಂಗ್ ಸಿಸ್ಟಂ, ಹೇಗೆ ಕಾಡುತ್ತದೆ ಎಂಬುದನ್ನು ನನ್ನದೇ ಅನುಭವದಿಂದ ಹೇಳುತ್ತೇನೆ. ಒಮ್ಮೆ ನಾನು ಕಥೆಯನ್ನೂ ಸೂಚನೆಯನ್ನೂ ಸೇರಿಸಿ ನಾಲ್ಕು ಚಾನೆಲ್‌ಗಳ ಒಂದೇ ಫೈಲ್ ಮಾಡಿದ್ದೆ. ಮೊದಲೆರಡು ಚಾನೆಲ್ ಕಥೆಗೆ, ಉಳಿದೆರಡು ಸೂಚನೆಗೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅದನ್ನು ನುಡಿಸಿದಾಗ ಕಥೆ ಸರಿಯಾಗಿ ಬಂತು, ಹೆಡ್‌ಫೋನಿನಲ್ಲಿ ಮಾತ್ರ ಪೂರ್ಣ ಮೌನ. ಕೇಬಲ್ ಬದಲಾಯಿಸಿದೆ, ಹೆಡ್‌ಫೋನ್ ಬದಲಾಯಿಸಿದೆ. ಕೊನೆಗೆ ಗಮನಿಸಿದರೆ, ಯಾವ ಕೇಬಲ್ಲೂ ಇಲ್ಲದ 5–6ರ ದೀಪಗಳು ಮಾತಿನ ಲಯಕ್ಕೆ ಮಿನುಗುತ್ತಿದ್ದವು. ಕಾರಣ ಸರಳವಾಗಿತ್ತು. ಎಂಟು ಔಟ್‌ಪುಟ್‌ಗಳ ಆ ಪೆಟ್ಟಿಗೆ ವಿಂಡೋಸಿನ ಕಣ್ಣಿಗೆ ಸಿನಿಮಾ ಮಂದಿರದ ಮಾದರಿಯ 7.1 ಸ್ಪೀಕರ್ ವ್ಯವಸ್ಥೆಯಾಗಿ ಕಂಡಿತ್ತು. ಆ ಎಣಿಕೆಯಲ್ಲಿ 1 ಮತ್ತು 2 ಮುಂದಿನ ಎಡ–ಬಲ, 3 ನಡುವಿನ ಸ್ಪೀಕರ್, 4 ಸಬ್‌ವೂಫರ್, 5 ಮತ್ತು 6 ಹಿಂದಿನ ಎಡ–ಬಲ, 7 ಮತ್ತು 8 ಪಕ್ಕದ ಎಡ–ಬಲ. ನನ್ನ ನಾಲ್ಕು ಚಾನೆಲ್ ಫೈಲನ್ನು ಅದು ಮುಂದಿನ ಎರಡು, ಹಿಂದಿನ ಎರಡು ಸ್ಪೀಕರ್‌ಗಳದ್ದೆಂದು ಓದಿ, ಸೂಚನೆಯನ್ನು ನಿಯಮದಂತೆಯೇ ಹಿಂದಿನ ಸ್ಪೀಕರ್‌ಗಳಿಗೆ ಕಳಿಸಿತ್ತು. ಪೆಟ್ಟಿಗೆಯ ಮೇಲಿನ ಅಂಕಿಗೂ ಕಂಪ್ಯೂಟರ್ ಎಣಿಸುವ ಅಂಕಿಗೂ ಸಂಬಂಧವಿದ್ದೇ ಇರುತ್ತದೆಂಬ ನನ್ನ ನಂಬಿಕೆ ಅಂದೇ ಹೋಯಿತು.

ಕೆಲವು ಡ್ರೈವರ್‌ಗಳು ಒಂದೊಂದು ಜೋಡಿಯನ್ನೂ ವಿಂಡೋಸಿನ ಪಟ್ಟಿಯಲ್ಲಿ ಬೇರೆ ಸಾಧನವೆಂಬಂತೆ ತೋರಿಸುತ್ತವೆ. ಆಗ ಕೆಲಸ ಸುಲಭ, 2018ರ ನಂತರದ ವಿಂಡೋಸ್ 10ರಲ್ಲಿ ಪ್ರತಿ ಪ್ರೋಗ್ರಾಮಿಗೂ ಅದರದೇ ಔಟ್‌ಪುಟ್ ಆರಿಸಿಕೊಡಬಹುದು. ಮ್ಯಾಕ್‌ನಲ್ಲಿ ‘ಆಡಿಯೊ ಮಿಡಿ ಸೆಟಪ್’ ತೆರೆದು, ಸ್ಪೀಕರ್ ಜೋಡಣೆಯ ಕಿಟಕಿಯಲ್ಲಿ ಎಡಕ್ಕೆ 3, ಬಲಕ್ಕೆ 4 ಎಂದು ಹೇಳಿದರೆ ಸಾಮಾನ್ಯ ಸ್ಟೀರಿಯೊ ಧ್ವನಿ ಅಲ್ಲಿಗೆ ಹೋಗುತ್ತದೆ. ಲಿನಕ್ಸ್ ಬಳಸುವವರು ಜಾಕ್ ಅಥವಾ ಪೈಪ್‌ವೈರ್ ಎಂಬ ಧ್ವನಿ ತಂತ್ರಾಂಶಗಳಲ್ಲಿ ತಂತಿ ಎಳೆದಂತೆ ಪರದೆಯ ಮೇಲೆ ಗೆರೆ ಎಳೆಯಬಹುದು. ಲಿನಕ್ಸಿನ ಮೂಲ ಧ್ವನಿ ವ್ಯವಸ್ಥೆಯಾದ ಆಲ್ಸಾದ ಸೆಟ್ಟಿಂಗ್ ಫೈಲ್ ಬರೆಯುವವರು ಅಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ, ಮೂರನೆಯ ಔಟ್‌ಪುಟ್ಟಿಗೆ ಅಲ್ಲಿ ಅಂಕಿ 2 ಎಂಬುದನ್ನು ನೆನಪಿಡಬೇಕು.

ಆದರೆ ಮಂಟಪದ ಕೆಲಸಕ್ಕೆ ಇವಾವುದನ್ನೂ ನಾನು ನಂಬಿಕೊಳ್ಳುವುದಿಲ್ಲ. ಎರಡು ಪ್ಲೇಯರ್‌ಗಳನ್ನು ಕೈಯಿಂದ ಶುರುಮಾಡಿದರೆ ಕಥೆಗೂ ಸೂಚನೆಗೂ ಆರಂಭದಲ್ಲೇ ಅಂತರ ಬೀಳುತ್ತದೆ. ಎರಡು ಬೇರೆ ಇಂಟರ್ಫೇಸ್‌ಗಳನ್ನು ಬಳಸಿದರೆ ಅವುಗಳ ಒಳಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಐವತ್ತರಷ್ಟು ವ್ಯತ್ಯಾಸವಿದ್ದರೂ ಅರ್ಧ ಗಂಟೆಯಲ್ಲಿ 90 ಮಿಲಿಸೆಕೆಂಡ್ ಜಾರುತ್ತದೆ. ಆದ್ದರಿಂದ ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಂದೇ ಪ್ರಾಜೆಕ್ಟಿನಲ್ಲಿ ಎರಡು ಸ್ಟೀರಿಯೊ ಟ್ರ್ಯಾಕ್ ಇಟ್ಟು, ಒಂದಕ್ಕೆ 1–2, ಇನ್ನೊಂದಕ್ಕೆ 3–4 ಔಟ್‌ಪುಟ್ ಕೊಡಿ. ಎರಡೂ ಒಂದೇ ಗುಂಡಿಗೆ ಶುರುವಾಗುತ್ತವೆ, ಒಂದೇ ಗಡಿಯಾರದ ಮೇಲೆ ಓಡುತ್ತವೆ. ವಿಂಡೋಸ್‌ನಲ್ಲಿ ಇದಕ್ಕೆ ಆಸಿಯೊ ಡ್ರೈವರನ್ನೇ ಆರಿಸಿ. ಸ್ಟೈನ್‌ಬರ್ಗ್ ಸಂಸ್ಥೆ 1997ರಲ್ಲಿ ತಂದ ಈ ವ್ಯವಸ್ಥೆ ವಿಂಡೋಸಿನ ಮಿಕ್ಸರನ್ನು ಬಳಸದೆ ಔಟ್‌ಪುಟ್‌ಗಳನ್ನು ಡ್ರೈವರ್ ಕೊಟ್ಟ ಸಾಲಿನಲ್ಲಿಯೇ ತೋರಿಸುವುದರಿಂದ ‘ಹಿಂದಿನ ಸ್ಪೀಕರ್’ ಎಂಬ ಗೊಂದಲವೇ ಏಳುವುದಿಲ್ಲ.

ಇನ್ನು ಪೆಟ್ಟಿಗೆಯ ಒಳಮಿಕ್ಸರ್. ಹೆಚ್ಚಿನವರು ತೆರೆದೂ ನೋಡದ ಜಾಗ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕಂಪ್ಯೂಟರಿನಿಂದ ಬಂದ 3–4, ಪೆಟ್ಟಿಗೆಯ 3–4ರಿಂದಲೇ ಹೊರಬರಬೇಕೆಂಬ ನಿಯಮವಿಲ್ಲ. ಆರ್‌ಎಂಇ ಕಂಪನಿಯ ಇಂಟರ್ಫೇಸ್‌ಗಳಲ್ಲಿರುವ ಟೋಟಲ್‌ಮಿಕ್ಸ್‌ನಂಥ ಒಳಮಿಕ್ಸರ್‌ಗಳಲ್ಲಿ ಕಂಪ್ಯೂಟರಿನಿಂದ ಬಂದ ಧ್ವನಿಗಳ ಸಾಲು ಬೇರೆ, ಹೊರಗಿನ ಸಾಕೆಟ್‌ಗಳ ಸಾಲು ಬೇರೆ, ಯಾವುದನ್ನು ಯಾವುದಕ್ಕಾದರೂ ಸೇರಿಸಬಹುದು. ಲ್ಯಾಪ್‌ಟಾಪಿನಲ್ಲಿ ಯಾವಾಗಲೂ 1–2 ಮತ್ತು 3–4 ಎಂದೇ ಇಟ್ಟು, ಆ ದಿನದ ವಿಶೇಷ ಅಗತ್ಯಗಳನ್ನೆಲ್ಲ ಪೆಟ್ಟಿಗೆಯೊಳಗೆ ತೀರಿಸಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ನಡುರಾತ್ರಿ ಲ್ಯಾಪ್‌ಟಾಪ್ ಕೈಕೊಟ್ಟರೆ ಅದೇ ಡ್ರೈವರ್, ಅದೇ ಪ್ರಾಜೆಕ್ಟ್ ಇರುವ ಇನ್ನೊಂದನ್ನು ತಂದು ಜೋಡಿಸಿದರಾಯಿತು, ದಾರಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದಿರುತ್ತವೆ. ಆದರೆ ಎಲ್ಲ ಪೆಟ್ಟಿಗೆಗಳೂ ಸೆಟ್ಟಿಂಗನ್ನು ತಮ್ಮೊಳಗೆ ಉಳಿಸಿಕೊಳ್ಳುವುದಿಲ್ಲ. ಮಂಟಪ ಹೊರಡುವ ಮುನ್ನ ಒಮ್ಮೆ ಕರೆಂಟು ತೆಗೆದು, ಮತ್ತೆ ಕೊಟ್ಟು ನೋಡಿ. ದಾರಿಯಲ್ಲಿ ಜನರೇಟರ್ ನಿಂತರೆ ಏನಾಗುತ್ತದೆಂಬುದು ಮನೆಯಲ್ಲೇ ತಿಳಿಯುತ್ತದೆ.

ಕೇಬಲ್ಲಿನ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಹೆಡ್‌ಫೋನ್ ಸಾಕೆಟ್ ಮತ್ತು ಬ್ಯಾಲೆನ್ಸ್ಡ್ ಲೈನ್ ಔಟ್‌ಪುಟ್ (ಒಂದೇ ಧ್ವನಿಯನ್ನು ಎರಡು ತಂತಿಗಳಲ್ಲಿ ಒಂದಕ್ಕೊಂದು ತಲೆಕೆಳಗಾಗಿ ಕಳಿಸುವ ಸಾಕೆಟ್) ನೋಡಲು ಒಂದೇ ತರಹ ಇರುತ್ತವೆ, ಒಳಗಿರುವುದು ಬೇರೆ. ಹೆಡ್‌ಫೋನ್ ಸಾಕೆಟ್ಟಿನಿಂದ ಮೂರು ಸಂಪರ್ಕದ ಜಾಕ್ ಕೇಬಲ್ಲನ್ನು ನೇರವಾಗಿ ಹೊರಗಿನ ಮಿಕ್ಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕಿದರೆ, ಆ ಮಿಕ್ಸರ್ ಎಡದಿಂದ ಬಲವನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿರುವುದು ಅಳಿದುಹೋಗುತ್ತದೆ. ದುಡಿ ವಾದ್ಯ ಅಕ್ಕಪಕ್ಕದಲ್ಲೂ ಹಾಡು ನಡುವಿನಲ್ಲೂ ಇರುವ ಒಂದು ಕೊಡವ ಪಾಟ್‌ನ (ಕೊಡವ ಹಾಡಿನ) ಮುದ್ರಣವನ್ನು ಹೀಗೆ ನುಡಿಸಿದರೆ ದುಡಿ ಮಾತ್ರ ಕೇಳುತ್ತದೆ, ಹಾಡುವವರ ಧ್ವನಿ ಎಲ್ಲಿಯೂ ಇರುವುದಿಲ್ಲ.

ಪರೀಕ್ಷೆಗೆ ಸಂಗೀತ ಬೇಡ, ಮಾತು ಬೇಕು. ಎಡ ಚಾನೆಲ್ಲಿನಲ್ಲಿ ‘ಕಥೆ ಎಡ’, ಬಲದಲ್ಲಿ ‘ಕಥೆ ಬಲ’, ಹಾಗೆಯೇ ‘ಸೂಚನೆ ಎಡ’, ‘ಸೂಚನೆ ಬಲ’ ಎಂದು ನೀವೇ ಹೇಳಿ ಮುದ್ರಿಸಿಕೊಳ್ಳಿ. ಸ್ಪೀಕರಿನ ಆಂಪ್ಲಿಫೈಯರನ್ನು ತಗ್ಗಿಸಿಟ್ಟು, ಒಂದೊಂದೇ ಸಾಕೆಟ್ಟಿನಲ್ಲಿ ಕೇಳಿ, ಕೇಳಿದ್ದನ್ನೇ ಟೇಪಿನ ಮೇಲೆ ಬರೆದು ಆ ಸಾಕೆಟ್ಟಿನ ಪಕ್ಕದಲ್ಲಿ ಅಂಟಿಸಿ. ಈ ಮೇಜಿನ ಮೇಲಿರುವ ಪೆಟ್ಟಿಗೆಗೆ ಇನ್ನೂ ಟೇಪ್ ಹಚ್ಚಿಲ್ಲ. ಮುಂದಿನ ಸಾಲಿನಿಂದ ಇಬ್ಬರು ಬನ್ನಿ, 1ರಿಂದ ಆರಂಭಿಸೋಣ.