ಮಾತ್ರೆ ನಾಟಲು ಯಾಕಿಷ್ಟು ದಿನ?

ಕೇಳುಗರಿಗೆಲ್ಲ ನಮಸ್ಕಾರ.

ಖಿನ್ನತೆಗೆ ಮಾತ್ರೆ ಶುರು ಮಾಡಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಒಂದಿದೆ. "ಐದಾರು ದಿನ ಆಯ್ತು, ಗುಣವೇ ಕಾಣ್ತಿಲ್ಲ. ಎದೆ ಡವಡವ ಅನ್ನೋದು ಇನ್ನೂ ಜಾಸ್ತಿಯಾಗಿದೆ. ಬಿಟ್ಟುಬಿಡಲಾ?" ನೀವಾಗಿ ಬಿಡಬೇಡಿ, ವೈದ್ಯರಿಗೆ ಹೇಳಿ. ಆದರೆ ಒಳಗೆ ಏನು ನಡೀತಿದೆ ಅಂತ ಗೊತ್ತಾದರೆ ಕಾಯುವುದು ಸ್ವಲ್ಪ ಹಗುರ, ಅಲ್ವಾ? ಅದಕ್ಕೆ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ವಿಷಯ ತಿಳಿಯಬೇಕು.

ಕಾರ್ಟಿಸಾಲ್ ಹುಟ್ಟುವುದು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಲ್ಲಿ. ಅಪ್ಪಣೆ ಬರುವುದು ಮಾತ್ರ ತಲೆಯಿಂದ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಅಡ್ರಿನಲ್‌ಗೆ ಹೇಳುತ್ತದೆ. ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಚೆನ್ನಾಗಿ ಏರಿರುತ್ತದೆ, ನಡುರಾತ್ರಿ ಹೊತ್ತಿಗೆ ತೀರಾ ಇಳಿದಿರುತ್ತದೆ. ಗಾಬರಿಯಾದಾಗಲೂ ಏರುತ್ತದೆ. ಏರುವುದು ಕಾಯಿಲೆಯಲ್ಲ. ರಕ್ತಕ್ಕೆ ಸಕ್ಕರೆ ಒದಗಿಸಿ ನಮಗೆ ಕಸುವು ಕೊಡುವುದೇ ಅದು.

ಏರಿದ್ದು ಇಳಿಯಬೇಕಲ್ಲ? ಅದಕ್ಕೊಂದು ಬ್ರೇಕ್ ಇದೆ. ಕಾರ್ಟಿಸಾಲ್ ತಾನೇ ಮಿದುಳಿಗೆ ಹೋಗಿ, ಅಲ್ಲಿನ ಜೀವಕೋಶಗಳ ರಿಸೆಪ್ಟರ್‌ಗಳಿಗೆ, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಕೊಂಡಿಗಳಿಗೆ ಅಂಟಿಕೊಂಡು, ಹೊಸ ಅಪ್ಪಣೆ ಹೊರಡದಂತೆ ತಡೆಯುತ್ತದೆ. ತೀವ್ರ ಖಿನ್ನತೆ ಇರುವ ಹಲವರಲ್ಲಿ ಈ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಇದನ್ನು ನೋಡಲು ಒಂದು ಪರೀಕ್ಷೆ ಇದೆ. ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಅದು ಕಾರ್ಟಿಸಾಲ್‌ನ ಹಾಗೇ ಕೆಲಸ ಮಾಡುವ ಔಷಧ. ಮರುದಿನ ಕಾರ್ಟಿಸಾಲ್ ಕುಸಿಯಬೇಕು. ಖಿನ್ನತೆಯ ಕೆಲವರಲ್ಲಿ ಕುಸಿಯುವುದೇ ಇಲ್ಲ. 1981ರಲ್ಲಿ ಮನೋವೈದ್ಯ ಬರ್ನಾರ್ಡ್ ಕ್ಯಾರಲ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದಾಗ, ಖಿನ್ನತೆಗೂ ರಕ್ತಪರೀಕ್ಷೆ ಸಿಕ್ಕಿತು ಅಂತ ತುಂಬ ಜನ ಆಸೆಪಟ್ಟರು. ಅದು ಕೈಗೂಡಲಿಲ್ಲ. ಎಷ್ಟೋ ರೋಗಿಗಳಲ್ಲಿ ಫಲಿತಾಂಶ ಸಹಜವಾಗೇ ಬರುತ್ತದೆ, ಬೇರೆ ಕಾಯಿಲೆಗಳಲ್ಲೂ ಏರುಪೇರಾಗುತ್ತದೆ.

ಈಗ ಮಾತ್ರೆಗೆ ಬರೋಣ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಮಾತ್ರೆಗಳಲ್ಲಿ ಸಿಟಾಲೊಪ್ರಾಮ್ ಒಂದು. ಅದರ ಮೊದಲ ಡೋಸ್ ಕಾರ್ಟಿಸಾಲನ್ನು ಇಳಿಸುವುದಿಲ್ಲ, ಸ್ವಲ್ಪ ಹೊತ್ತು ಏರಿಸುತ್ತದೆ! ಸೆರೊಟೋನಿನ್ ಹೈಪೋಥಲಾಮಸನ್ನೂ ಕೆಣಕುತ್ತದೆ, ಅದಕ್ಕೇ. ಮೊದಲ ದಿನಗಳ ಚಡಪಡಿಕೆಗೆ ಇದೊಂದನ್ನೇ ದೂರುವಂತಿಲ್ಲ, ಆದರೆ ಶುರುವಿನ ದಿನಗಳೂ ಮುಂದಿನ ವಾರಗಳೂ ಒಂದೇ ಅಲ್ಲ ಅನ್ನುವುದಂತೂ ನಿಜ. ಮಿರ್ಟಾಜಪೀನ್ ಎಂಬ ಮಾತ್ರೆ ಬೇರೆ ಥರ. ಅದು ಮೊದಲಿಂದಲೇ ಕಾರ್ಟಿಸಾಲ್ ತಗ್ಗಿಸುತ್ತದೆ.

ವಾರಗಳು ಕಳೆದಂತೆ ಹಲವರಲ್ಲಿ ಬ್ರೇಕ್ ರಿಪೇರಿಯಾಗುತ್ತಾ ಬರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಹೆಚ್ಚು ದಿನ ಔಷಧ ಕೊಟ್ಟಾಗ ಮಿದುಳಿನಲ್ಲಿ ಆ ರಿಸೆಪ್ಟರ್‌ಗಳು ಹೆಚ್ಚಿದ್ದನ್ನು ಕಂಡಿದ್ದಾರೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ತುಂಬ ಇಷ್ಟ. ಹಿಪೋಕ್ಯಾಂಪಸ್ ಅಂದರೆ ಮಿದುಳಿನಲ್ಲಿ ನೆನಪಿಗೆ ಬೇಕಾದ ಭಾಗ. ಮನುಷ್ಯರ ಆ ಭಾಗದ ಕಾಂಡಕೋಶಗಳಿಗೆ, ಅಂದರೆ ಹೊಸ ಕೋಶ ಹುಟ್ಟಿಸಬಲ್ಲ ಕೋಶಗಳಿಗೆ, ಲ್ಯಾಬಿನಲ್ಲಿ ಸರ್ಟ್ರಲೀನ್ ಎಂಬ ಖಿನ್ನತೆಯ ಔಷಧ ಹಾಕಿದರು. ಹೊಸ ನರಕೋಶಗಳು ಹೆಚ್ಚಾದವು. ಕಾರ್ಟಿಸಾಲ್ ರಿಸೆಪ್ಟರ್‌ಗೆ ಅಡ್ಡ ಹಾಕಿ ನೋಡಿದರು. ಆ ಲಾಭ ಇಲ್ಲವಾಯಿತು! ಅಂದರೆ ಮಾತ್ರೆಗೂ ಒತ್ತಡದ ಹಾರ್ಮೋನಿಗೂ ನಂಟು ಅಷ್ಟು ಒಳಗಿನದು.

ಹಾಗಂತ ಖಿನ್ನತೆ ಅಂದರೆ ಕಾರ್ಟಿಸಾಲ್ ಜಾಸ್ತಿಯಾಗಿದೆ ಅಂತಷ್ಟೇ ತಿಳಿಯಬೇಡಿ. ಕಾರ್ಟಿಸಾಲ್ ಸರಿ ಇದ್ದವರಿಗೂ ಖಿನ್ನತೆ ಬರುತ್ತದೆ, ಮಾತ್ರೆಯಿಂದ ಗುಣವೂ ಆಗುತ್ತದೆ. ಕಾರ್ಟಿಸಾಲ್ ಇಳಿಸುತ್ತೇವೆ ಅಂತ ಮಾರುವ ಪುಡಿ, ಗುಳಿಗೆಗಳನ್ನು ನಂಬಿ ಚಿಕಿತ್ಸೆ ಬಿಟ್ಟರೆ ಕಷ್ಟ ನಿಮ್ಮದೇ.

ಮನಸ್ಸು ಹಗುರಾದ ಮೇಲೂ ಕೆಲವರಲ್ಲಿ ಈ ಬ್ರೇಕ್ ಸಡಿಲವಾಗೇ ಇರುತ್ತದೆ. ಅಂಥವರಿಗೆ ಖಿನ್ನತೆ ಮರುಕಳಿಸುವುದು ಹೆಚ್ಚು. ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ಮಾತ್ರೆ ಮುಂದುವರಿಸಿ ಅನ್ನುತ್ತಾರಲ್ಲ ವೈದ್ಯರು, ಅದು ಮರುಕಳಿಸದಿರಲಿ ಅಂತಲೇ. ಬಿಡುವಾಗಲೂ ಅವರ ಲೆಕ್ಕದಂತೆ ಡೋಸ್ ಮೆಲ್ಲಗೆ ಇಳಿಸಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರಬಹುದು. ಇನ್ನು ಶುರುವಿನ ವಾರಗಳಲ್ಲಿ, ಮುಖ್ಯವಾಗಿ ಹರೆಯದವರಲ್ಲಿ, ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಅವತ್ತೇ ವೈದ್ಯರಿಗೆ ತಿಳಿಸಿ, ಮನೆಯವರನ್ನು ಜೊತೆಗಿಟ್ಟುಕೊಳ್ಳಿ.

ನಮಸ್ಕಾರ.