ಗೇಟಿನವರಿಗೆ ವೆರಿಫಿಕೇಶನ್, ಮಂಚದ ಪಕ್ಕದವರಿಗೆ?

ಎಲ್ಲರಿಗೂ ನಮಸ್ಕಾರ. ಹತ್ತೂವರೆಗೆ ಕಾಫಿ ಇದೆಯಂತೆ, ಅಷ್ಟರೊಳಗೆ ಮುಗಿಸುತ್ತೇನೆ.

ಮೊದಲು ಹೆಸರಿನ ಗೊಂದಲ ತೆಗೆದುಬಿಡೋಣ. ಬೆಂಗಳೂರಿನಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆಗೋ ಹರ್ನಿಯಾ ಆಪರೇಷನ್ನಿಗೋ ಹೋಗುವ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಹಾಸಿಗೆ ಹಿಡಿದ ವಯಸ್ಸಾದವರನ್ನು ನೋಡಿಕೊಳ್ಳುವ ಜಾಗ ಅಂತ ಅರ್ಥ. ನಾನು ಇವತ್ತು ಹೇಳುವುದು ಈ ಎರಡನೆಯದರ ಬಗ್ಗೆ, ಅಲ್ಲಿ ಆರೈಕೆಗೆ ಬರುವವರ ಹಿನ್ನೆಲೆಯನ್ನು ಯಾರಾದರೂ ನೋಡುತ್ತಾರಾ ಅನ್ನೋದರ ಬಗ್ಗೆ. ನಾವು ವೃದ್ಧಾಶ್ರಮ ಅನ್ನುತ್ತಿದ್ದೆವು, ಈಗ ಬೋರ್ಡಿನಲ್ಲಿ ಸೀನಿಯರ್ ಕೇರ್ ಅಂತ ಬರೆದಿರುತ್ತೆ.

ನಮ್ಮಮ್ಮ ಸೊಂಟ ಮುರಿದುಕೊಂಡ ಮೇಲೆ ಎರಡು ವರ್ಷ ಅಂಥದ್ದೊಂದು ಜಾಗದಲ್ಲಿದ್ದರು. ಒಂದು ಸಂಜೆ ನೋಡಲು ಹೋದಾಗ ಎಡಗೈಯಲ್ಲಿ ಬಳೆ ಇರಲಿಲ್ಲ. ಅದು ತಾನಾಗಿ ಜಾರಿ ಬೀಳುವ ಬಳೆಯಲ್ಲ. ಗಂಟು ಊದಿದ್ದ ಕೈ, ಸೋಪು ಹಚ್ಚದೆ ಬರುತ್ತಲೇ ಇರಲಿಲ್ಲ. ಹೆಬ್ಬೆರಳ ಬುಡದಲ್ಲಿ ಚರ್ಮ ಕಿತ್ತಿತ್ತು. ಅಮ್ಮನಿಗೆ ಆಗಲೇ ಮರೆವು. ಕೇಳಿದರೆ, "ಯಾರೋ ಕೈ ತೊಳೆದರು ಕಣೋ" ಅಂದರು, ಅಷ್ಟೇ.

ಮ್ಯಾನೇಜರ್ ಎರಡು ಫೈಲು ತಂದರು. ಒಂದು ಸೆಕ್ಯೂರಿಟಿಯವರದ್ದು. ಫೋಟೋ, ತರಬೇತಿ ಸರ್ಟಿಫಿಕೇಟ್, ಪೊಲೀಸ್ ವೆರಿಫಿಕೇಶನ್, ಎಲ್ಲಾ ಅಚ್ಚುಕಟ್ಟು. ಇನ್ನೊಂದು ಆರೈಕೆ ಮಾಡುವ ಅಟೆಂಡರುಗಳದ್ದು. ಅದರಲ್ಲಿ ಬರೀ ಆಧಾರ್ ಜೆರಾಕ್ಸು. ಜೆರಾಕ್ಸಿನ ಜೆರಾಕ್ಸು ಇರಬೇಕು, ಮುಖದ ಜಾಗದಲ್ಲಿ ಕಪ್ಪು ಮಸಿ. ಇಬ್ಬರದ್ದು ಅದೂ ಇರಲಿಲ್ಲ. ಏಜೆನ್ಸಿಯವರು ಕಳಿಸಿದ್ದು ಸಾರ್, ಅವರ ಹತ್ತಿರ ಇರುತ್ತೆ ಅಂದರು. ಏಜೆನ್ಸಿಗೆ ಫೋನ್ ಮಾಡಿದರೆ, ಅವರು ಹೋಂನವರ ಹತ್ತಿರ ಇರುತ್ತೆ ಅಂದರು.

ಆ ಎರಡು ಫೈಲು ಯಾಕೆ ಹಾಗಿದ್ದವು ಅಂತ ಆಮೇಲೆ ಕೂತು ಓದಿದಾಗ ಗೊತ್ತಾಯಿತು. ಖಾಸಗಿ ಸೆಕ್ಯೂರಿಟಿ ಏಜೆನ್ಸಿಗಳಿಗೆ 2005ರಲ್ಲೇ ಕೇಂದ್ರದ ಕಾನೂನು ಬಂದಿದೆ. ಗಾರ್ಡ್‌ನ ನಡತೆ, ಹಿನ್ನೆಲೆ ನೋಡದೆ ಕೆಲಸಕ್ಕೆ ಹಾಕುವಂತಿಲ್ಲ. ಮಕ್ಕಳ ವಿಷಯದಲ್ಲಿ 2020ರ ಪೋಕ್ಸೊ ನಿಯಮಗಳಿವೆ. ಶಾಲೆ, ಶಿಶುವಿಹಾರಗಳ ಸಿಬ್ಬಂದಿಗೆ, ಗುತ್ತಿಗೆಯವರಿಗೂ ಸೇರಿ, ಆಗಾಗ ಪೊಲೀಸ್ ವೆರಿಫಿಕೇಶನ್ ಆಗಬೇಕು. ಮುದುಕರಿಗೆ? 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಅದರ ಕೇಂದ್ರದ ಮಾದರಿ ನಿಯಮಗಳಲ್ಲಿ ಒಂದು ಸಾಲಿದೆ: ಹಿರಿಯರ ಮನೆಯಲ್ಲಿ ಕೆಲಸ ಮಾಡುವವರ ಹಿನ್ನೆಲೆಯನ್ನು ಪೊಲೀಸರು ಬೇಗ ಪರಿಶೀಲಿಸಬೇಕು, ಆ ಹಿರಿಯರು ಕೇಳಿಕೊಂಡರೆ. ಕೇಳಿಕೊಂಡರೆ! ನಮ್ಮಮ್ಮನಿಗೆ ಅವತ್ತು ಊಟ ಆಯಿತೋ ಇಲ್ಲವೋ ಅನ್ನೋದೇ ನೆನಪಿರುತ್ತಿರಲಿಲ್ಲ. ಇಂಥ ಹೋಂಗಳನ್ನೂ ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳನ್ನೂ ನೋಂದಣಿಗೆ ತರುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಪಾಸಾಗಲಿಲ್ಲ.

ಅಂದರೆ ಗೇಟಿನಲ್ಲಿ ನಿಂತು ಕಾರಿನ ನಂಬರ್ ಬರೆದುಕೊಳ್ಳುವವರ ಪೂರ್ವಾಪರ ನೋಡಲೇಬೇಕು. ರಾತ್ರಿ ಎರಡು ಗಂಟೆಗೆ ಬಾಗಿಲು ಹಾಕಿ ಡಯಾಪರ್ ಬದಲಿಸುವವರದ್ದನ್ನು ಕೇಳುವವರಿಲ್ಲ.

ಅಮೆರಿಕದವರು ಇದನ್ನು ಎಣಿಸಿ ನೋಡಿದ್ದಾರೆ. ಅಲ್ಲಿನ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2011ರಲ್ಲಿ ಒಂದು ವರದಿ ಕೊಟ್ಟರು. ಸಿಬ್ಬಂದಿಯ ಹೆಸರುಗಳನ್ನು ಎಫ್‌ಬಿಐ ಅಪರಾಧ ದಾಖಲೆಗಳ ಜೊತೆ ತಾಳೆ ನೋಡಿದ್ದರು. ಶೇ. 92ರಷ್ಟು ನರ್ಸಿಂಗ್ ಹೋಂಗಳಲ್ಲಿ ಶಿಕ್ಷೆಯಾಗಿದ್ದ ಒಬ್ಬರಾದರೂ ಕೆಲಸದಲ್ಲಿದ್ದರು. ಪತ್ರಿಕೆಯ ತಲೆಬರಹಕ್ಕೆ ಹೇಳಿ ಮಾಡಿಸಿದ ಅಂಕಿ, ಅಲ್ವಾ? ಆದರೆ ಒಟ್ಟು ಸಿಬ್ಬಂದಿಯಲ್ಲಿ ಅಂಥವರು ಶೇ. 5 ಮಾತ್ರ. ಅಪರಾಧಗಳಲ್ಲಿ ಜಾಸ್ತಿ ಕಂಡದ್ದು ಅಂಗಡಿ ಕಳವು, ಸುಳ್ಳು ಚೆಕ್ಕು, ಈ ಥರದ್ದು. ಅಂಗಡಿಯಲ್ಲಿ ಏನೋ ಕದ್ದು ಸಿಕ್ಕಿಬಿದ್ದ ಹೆಂಗಸನ್ನು ಹತ್ತು ವರ್ಷದ ಮೇಲೂ ಹತ್ತಿರ ಬಿಟ್ಟುಕೊಳ್ಳಬಾರದೇ? ನನಗೆ ಹಾಗನ್ನಿಸುವುದಿಲ್ಲ. ಮುದುಕರ ಮೇಲೆ ಕೈ ಮಾಡಿ ಶಿಕ್ಷೆಯಾದವರನ್ನು ಮಾತ್ರ ಯಾವ ಕಾರಣಕ್ಕೂ ಬೇಡ.

ಇನ್ನು ನಮ್ಮ ಪೊಲೀಸ್ ವೆರಿಫಿಕೇಶನ್ ಕಾಗದದ ಮಿತಿ. ಠಾಣೆಯ ದಾಖಲೆಯಲ್ಲಿ ಸಿಗುವುದು ಕೇಸು. ಕೇಸು ಅಂದರೆ ತಪ್ಪು ಮಾಡಿದ್ದಾರೆ ಅಂತಲ್ಲ. ಊರಿನ ಗದ್ದೆ ಜಗಳದಲ್ಲಿ ಇಡೀ ಮನೆಯವರ ಹೆಸರು ಎಫ್‌ಐಆರ್‌ಗೆ ಸೇರಿರುತ್ತೆ. ಅದೇ, ಒಂದು ಹೋಂನಲ್ಲಿ ಅಜ್ಜಿಯ ಕೈ ತಿರುಚಿ ಕೆಲಸ ಕಳಕೊಂಡವರ ಮೇಲೆ ಎಷ್ಟೋ ಸಲ ದೂರೇ ಆಗಿರುವುದಿಲ್ಲ. ಹೆಸರು ಕೆಡುತ್ತೆ ಅಂತ ಹೋಂನವರು ಸುಮ್ನೆ ಸಂಬಳ ಚುಕ್ತಾ ಮಾಡಿ ಕಳಿಸುತ್ತಾರೆ. ಮುಂದಿನ ವಾರ ಅವರು ಇನ್ನೊಂದು ಬಡಾವಣೆಯಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ಅದಕ್ಕೇ ಸರ್ಟಿಫಿಕೇಟ್ ಜೊತೆಗೆ ಹಿಂದಿನ ಜಾಗಕ್ಕೆ ಒಂದು ಫೋನ್ ಆಗಲೇಬೇಕು. "ಮತ್ತೆ ಬಂದರೆ ಕೆಲಸ ಕೊಡ್ತೀರಾ?" ಅಂತ ಕೇಳಿ. ಆ ಕಡೆಯವರು ಉತ್ತರ ಕೊಡುವ ಮೊದಲು ತಡವರಿಸಿದರೆ ಅದನ್ನೂ ಗಮನಿಸಿ.

ಹೋಂನವರ ಕಷ್ಟವೂ ಸುಳ್ಳಲ್ಲ. ಜನ ಸಿಗುವುದಿಲ್ಲ. ಬರುವವರು ಒಡಿಶಾ, ಅಸ್ಸಾಂ, ನಮ್ಮದೇ ರಾಯಚೂರು ಕಡೆಯವರು. ಊರಿನ ಠಾಣೆಯಿಂದ ಉತ್ತರ ಬರುವ ತನಕ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವವರು ಯಾರು? ಒಪ್ಪುತ್ತೇನೆ. ಅಲ್ಲಿಯವರೆಗೆ ಅವರನ್ನು ಒಂಟಿಯಾಗಿ ನೈಟ್ ಶಿಫ್ಟಿಗೆ ಹಾಕಬೇಡಿ, ಹಳಬರ ಜೊತೆ ಬಿಡಿ. ಇದಕ್ಕೆ ಕಾನೂನು ಬರಲಿ ಅಂತ ಕಾಯಬೇಕಾಗಿಲ್ಲ.

ಬಳೆ ಸಿಗಲಿಲ್ಲ. ಆ ವಾರ ಅಮ್ಮನ ರೂಮಿಗೆ ಏಳು ಜನ ಹೋಗಿ ಬಂದಿದ್ದರು. ಎಲ್ಲರೂ ಬೆರಳು ತೋರಿಸಿದ್ದು ಒಡಿಶಾದ ಹುಡುಗಿಯ ಕಡೆ, ಅವಳು ಹೊಸಬಳು ಅಂತ. ನಾನೂ ಹಾಗೇ ಅಂದುಕೊಂಡೆ. ಎರಡೇ ದಿನಕ್ಕೆ ಅವಳು ಕೆಲಸ ಬಿಟ್ಟು ಹೋದಳು. ಅವಳದ್ದೊಂದು ಸರಿಯಾದ ಫೈಲು ಇದ್ದಿದ್ದರೆ ಅವಳ ಪರವಾಗಿ ತೋರಿಸಲು ಏನಾದರೂ ಇರುತ್ತಿತ್ತು. ಅಮ್ಮ ಮಾತ್ರ ತಿಂಗಳುಗಟ್ಟಲೆ "ಆ ಹುಡುಗಿ ಎಲ್ಲಿ, ತಲೆ ಬಾಚಬೇಕು" ಅಂತ ಕೇಳುತ್ತಲೇ ಇದ್ದರು.

ಎರಡು ನಂಬರ್ ಬರೆದುಕೊಳ್ಳಿ. ಬೆಂಗಳೂರಿನ ಹಿರಿಯರ ಸಹಾಯವಾಣಿ 1090. ಇಡೀ ದೇಶಕ್ಕೆ ಇರುವುದು 14567. ಮನೆಗೆಲಸದವರ ಪೊಲೀಸ್ ವೆರಿಫಿಕೇಶನ್ನಿಗೆ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ಹೇಗೆ ಅಂತ ಗೊತ್ತಿಲ್ಲದವರು ಕಾಫಿ ಆದಮೇಲೆ ಫೋನ್ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ, ಕೂತು ಹಾಕೋಣ. ಓಟಿಪಿ ಮಾತ್ರ ನನಗೆ ಹೇಳಬೇಡಿ, ನೀವೇ ಒತ್ತಿ.