ಪಾಚಿಗೆ ವಾರಂಟಿ ಕೊಡೋಕೆ ನಾನೇನು ಋಷ್ಯಶೃಂಗನಾ?

ನಮಸ್ಕಾರ. ಇವತ್ತು ಏಣಿ ಬಗ್ಗೆ ಮಾತಾಡೋದಿತ್ತು. ಬಿದಿರಿನ ಏಣಿ ಒಳ್ಳೇದಾ, ಅಲ್ಯೂಮಿನಿಯಂದು ಒಳ್ಳೇದಾ ಅಂತ ನಾಲ್ಕು ಪುಟ ಬರ್ಕೊಂಡು ಕೂತಿದ್ದೆ. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಫೋನ್ ತೆಗೆದೆ ನೋಡಿ, ಏಣಿ ಅತ್ಲಾಗಿ ಬಿತ್ತು. ಹೋದ ವಾರದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಹೀಗೆ ಬರೆದಿದಾರೆ: "ಅಣ್ಣ, ಹೆಂಚು ತೊಳೆದು 5 ವರ್ಷ ವಾರಂಟಿ ಕೊಡಕ್ಕಾಗಲ್ಲ ಅಂದ್ರೆ ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ಲ ಅಂತ ಆಯ್ತು." ಕೊನೇಲಿ ನಗೋ ಮುಖ ಬೇರೆ. ಎರಡು.

ಸ್ವಾಮಿ, ನನ್ನ ಕೆಲಸದ ಮೇಲೆ ನಂಗೆ ಪೂರ್ತಿ ನಂಬಿಕೆ ಇದೆ. ಚಿಕ್ಕಮಗಳೂರಿನ ಮಳೆ ಮೇಲೂ ಅಷ್ಟೇ ನಂಬಿಕೆ ಇದೆ. ಅದಕ್ಕೇ ಕೊಡಲ್ಲ.

ಹೊಸಬರು ಯಾರಾದ್ರೂ ನೋಡ್ತಿದ್ರೆ ಒಂದು ಮಾತು. ನಾನು ಹೆಂಚಿನ ಮಾಡು, ಶೀಟು, ತಾರಸಿ ತೊಳೆಯೋ ಕೆಲಸ ಮಾಡೋನು. ಎಸ್ಟೇಟ್ ಬಂಗಲೆ, ಹೋಂಸ್ಟೇ, ಹಳೇ ತೊಟ್ಟಿಮನೆ, ಹತ್ತಿ ಇಳಿದದ್ದಕ್ಕೆ ಲೆಕ್ಕ ಇಲ್ಲ. ಈ ಧಂಧೆಗೆ ಇಳಿಯೋ ಹುಡುಗರಿಗೆ ಅಂತ ಈ ಚಾನೆಲ್. ಸಬ್‌ಸ್ಕ್ರೈಬ್ ಆಗಿ. ಆಗಿದ್ರೆ ನಿಮ್ಮ ಮಾವನ ಫೋನಲ್ಲೂ ಆಗಿ, ಅವರಿಗೆ ಗೊತ್ತಾಗಲ್ಲ.

ಇವತ್ತು ಹೇಳೋದು ಒಂದೇ ಮಾತು. ವಾರಂಟಿ ಕೆಲಸಕ್ಕೆ ಕೊಡಿ, ಪಾಚಿಗೆ ಕೊಡಬೇಡಿ.

ಪಾಚಿ ಅಂದ್ರೆ ಎಂಥದು? ಅದಕ್ಕೆ ಬೇರಿಲ್ಲ, ಬೀಜ ಇಲ್ಲ. ಬೇರಿನ ಹಾಗೆ ಕಾಣೋ ಕೂದಲೆಳೆ ಇರುತ್ತೆ, ಅದ್ರಲ್ಲಿ ಹೆಂಚು ಹಿಡ್ಕೊಳುತ್ತೆ. ಬೀಜದ ಬದಲು ಕಣ್ಣಿಗೆ ಕಾಣದ ಧೂಳು, ಗಾಳಿಲಿ ತೇಲ್ಕೊಂಡು ಬರುತ್ತೆ. ಇನ್ನು ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಲ್ಲಿ ಕಾರ್ಖಾನೆ ಹಾಕಿದಾಗಿಂದ ಇವತ್ತಿನವರೆಗೂ ಅದು ಸುಟ್ಟ ಜೇಡಿಮಣ್ಣೇ. ನೀರು ಕುಡಿಯುತ್ತೆ. ಮೇಲೆ ಸಿಲ್ವರ್ ಓಕ್ ಎಲೆ ಬಿದ್ದು ಕೊಳೆತು ಗೊಬ್ಬರ ಆಗುತ್ತೆ. ನೆರಳಿದೆ, ನೀರಿದೆ, ಗೊಬ್ಬರ ಇದೆ. ಇಷ್ಟು ಆರೈಕೆ ನಮ್ಮ ಕಾಫಿ ಗಿಡಕ್ಕೂ ಇಲ್ಲ. ನಾನು ಇವತ್ತು ಹೆಂಚನ್ನ ತಟ್ಟೆ ಥರ ತೊಳೆದು ಇಳಿದೆ ಅನ್ಕೊಳಿ. ನಾಳೆ ಗಾಳಿ ಬೀಸಲ್ವಾ? ಆ ಧೂಳು ನಾನು ಕೊಟ್ಟ ವಾರಂಟಿ ಕಾರ್ಡ್ ಓದ್ಕೊಂಡು "ಓಹೋ, ಇಲ್ಲಿ ಇನ್ನೂ 4 ವರ್ಷ ಬಾಕಿ ಇದೆ" ಅಂತ ಪಕ್ಕದ ಮನೆಗೆ ಹೋಗುತ್ತಾ?

ಕಡೂರೂ ನಮ್ಮ ಜಿಲ್ಲೆ, ಶೃಂಗೇರೀನೂ ನಮ್ಮ ಜಿಲ್ಲೆ. ಕಡೂರಲ್ಲಿ ಮೋಡ ಕಂಡ್ರೆ ಮಕ್ಕಳು ಹೊರಗೆ ಓಡಿ ಬರ್ತಾರೆ, ಶೃಂಗೇರೀಲಿ ಬಿಸಿಲು ಕಂಡ್ರೆ ಹೆಂಗಸರು ಬಟ್ಟೆ ಹಿಡ್ಕೊಂಡು ಓಡ್ತಾರೆ. ಎರಡಕ್ಕೂ ಒಂದೇ 5 ವರ್ಷದ ವಾರಂಟಿ ಅಂತೆ. ಶೃಂಗೇರಿ ಪಕ್ಕ ಕಿಗ್ಗಾ ಇದೆ. ಮಳೆ ಬರ್ಲಿ ಅಂತಾನೂ, ಅತಿಯಾದ್ರೆ ನಿಲ್ಲಲಿ ಅಂತಾನೂ ಜನ ಹೋಗಿ ಕೈ ಮುಗಿಯೋದು ಅಲ್ಲಿನ ಋಷ್ಯಶೃಂಗನಿಗೆ. ಆ ಸ್ವಾಮಿ ಕೂಡ ಲೆಟರ್‌ಹೆಡ್ ಮೇಲೆ ಬರೆದು ಕೊಡಲ್ಲ ಮಾರಾಯ್ರೆ! ನಾನ್ಯಾವ ಲೆಕ್ಕ?

ಕೊಟ್ಟಿಲ್ವಾ ಅಂದ್ರೆ, ಕೊಟ್ಟಿದೀನಿ. ಕೊಟ್ಟು ಅನುಭವಿಸಿದೀನಿ.

ಧಂಧೆ ಶುರು ಮಾಡಿದ ಮೊದಲನೇ ವರ್ಷ. ಮೂಡಿಗೆರೆ ದಾಟಿ ಒಂದು ಹೋಂಸ್ಟೇ, ಹೆಸರು ಬೇಡ. 14,000 ರೂಪಾಯಿ ಕೆಲಸ. ಮಾಲೀಕರು ಚೌಕಾಸಿಗೆ ಕೂತ್ರು. ರೇಟು ಇಳಿಸೋ ಬದಲು ನಾನು ಬುದ್ಧಿವಂತ, ಹೊಸ ಲೆಟರ್‌ಹೆಡ್ ತೆಗೆದು "5 ವರ್ಷ ಪಾಚಿ ಬರುವುದಿಲ್ಲ" ಅಂತ ಬರೆದು ಸೀಲ್ ಹೊಡೆದು ಕೊಟ್ಟೆ. ಸೀಲ್ ಹೊಸದಾಗಿ ಮಾಡಿಸಿದ್ದು, ಎಲ್ಲಾದ್ರೂ ಒತ್ತಬೇಕಿತ್ತು. ಮುಂದಿನ ವರ್ಷ ಆರಿದ್ರಾ ಮಳೆಲಿ ಫೋನ್ ಬಂತು. "ಹಸಿರಾಗಿದೆ, ಬನ್ನಿ." ಹೋದೆ. ಇಬ್ಬರು ಹುಡುಗರ ಕೂಲಿ, ಜೀಪಿನ ಡೀಸೆಲ್, ಊಟ, ಪಾಚಿಗೆ ಹೊಡೆಯೋ ಔಷಧಿ, 3,500 ಕೈಯಿಂದ ಹೋಯ್ತು. ಹೋಗಿ ನೋಡಿದ್ರೆ ನನ್ನ ಲೆಟರ್‌ಹೆಡ್ಡನ್ನ ಲ್ಯಾಮಿನೇಟ್ ಮಾಡಿಸಿ ರಿಸೆಪ್ಷನ್ ಗೋಡೆಗೆ ಹಾಕಿದಾರೆ! ಒಂದು ಪಕ್ಕ ಗಣಪತಿ, ಇನ್ನೊಂದು ಪಕ್ಕ ವೈಫೈ ಪಾಸ್‌ವರ್ಡ್, ಮಧ್ಯ ನಾನು. ವರ್ಷಕ್ಕೊಂದು ಸಲ ಅಂದ್ರೂ 5 ವರ್ಷಕ್ಕೆ 17,500. ಬಂದಿದ್ದು 14,000. ಅಂದ್ರೆ ಅವರ ಮನೆ ಹೆಂಚು ತೊಳೆಯೋಕೆ ನಾನು ಅವರಿಗೆ ದುಡ್ಡು ಕೊಟ್ಟ ಹಾಗಾಯ್ತು.

ದುಡ್ಡು ಹೋಗ್ಲಿ. ಆ ಫೋನ್ ಬಂದದ್ದು ಯಾವಾಗ? ಆರಿದ್ರಾದಲ್ಲಿ. ಪಾಚಿ ಕಣ್ಣಿಗೆ ಕಾಣೋದು ಮಳೆಗಾಲದಲ್ಲೇ, ವಾರಂಟಿ ನೆನಪಾಗೋದೂ ಮಳೆಗಾಲದಲ್ಲೇ. ಜೂನ್, ಜುಲೈಲಿ ನೆನೆದ ಪಾಚಿ ಮೇಲೆ ಕಾಲಿಡೋದು ಅಂದ್ರೆ ಸೋಪು ಹಚ್ಚಿದ ಬಂಡೆ ಮೇಲೆ ನಡೆದ ಹಾಗೆ. ಕೆಳಗಿನ ರೀಪು, ಅಂದ್ರೆ ಹೆಂಚು ಕೂರೋ ಮರದ ಪಟ್ಟಿ, ಗೆದ್ದಲು ತಿಂದಿದ್ಯೋ ಇಲ್ವೋ ಮೇಲಿಂದ ಕಾಣಲ್ಲ. ಅವತ್ತು ನಮ್ಮ ಹುಡುಗ ಒಬ್ಬ ಜಾರಿದ. ಹಗ್ಗ ಕಟ್ಟಿದ್ವಿ, ಸೂರಿನ ಹತ್ತಿರ ನಿಂತ. ಮೊಣಕೈ ತರಚಿತು, ಅಷ್ಟೆ. ಕೆಳಗೆ ಇಳಿದು ಅವನು ಏನೂ ಮಾತಾಡ್ಲಿಲ್ಲ, ಕಾಫೀನೂ ಕುಡೀಲಿಲ್ಲ. ವಾಪಸ್ ಬರೋವಾಗ ಜೀಪಲ್ಲಿ ಯಾರೂ ಹಾಡು ಹಾಕಲಿಲ್ಲ. ಆವತ್ತಿಂದ ಮಳೆ ಬೀಳೋವಾಗ ಯಾರನ್ನೂ ಹೆಂಚು ಹತ್ತಿಸಲ್ಲ. ವಾರಂಟಿ ಅಂತ ಬರೆದು ಕೊಟ್ರೆ ಹತ್ತಿಸಲೇಬೇಕಾಗುತ್ತೆ. ಅದಕ್ಕೆ ಹೇಳ್ತಿರೋದು, ಪಾಚಿಗೆ ವಾರಂಟಿ ಇಲ್ಲ.

ಹಾಗಾದ್ರೆ ಏನು ಕೊಡಬೇಕು? ನಮ್ಮ ಕಾಲಿಂದ ಒಡೆದ ಹೆಂಚಿಗೆ ಕೊಡಿ. ನಾವು ಮುಟ್ಟಿದ ಜಾಗದಲ್ಲಿ ಮಳೆ ಶುರುವಾದ ಮೊದಲ ತಿಂಗಳು ಸೋರಿದ್ರೆ ನಮ್ಮ ಖರ್ಚಲ್ಲಿ ಸರಿ ಮಾಡ್ತೀವಿ ಅಂತ ಬರೆದು ಕೊಡಿ. ಅದು ನಮ್ಮ ಕೈಲಿರೋ ವಿಷಯ. ಹತ್ತೋಕೆ ಮುಂಚೆ ಮಾಲೀಕರನ್ನ ಪಕ್ಕ ನಿಲ್ಲಿಸ್ಕೊಂಡು ಫೋಟೋ ತೆಗೀರಿ, ಒಡೆದ ಹೆಂಚು ಎಷ್ಟು ಅಂತ ಎಣಿಸಿ ಚೀಟೀಲಿ ಬರೆಸಿ ಸಹಿ ಹಾಕಿಸ್ಕೊಳಿ. ಇಲ್ದಿದ್ರೆ ಹಿಂದಿನ ಸಲ ಕೋತಿ ಒಡೆದದ್ದೂ ನಿಮ್ಮ ಲೆಕ್ಕಕ್ಕೇ. ಹಳೇ ಹೆಂಚಲ್ಲಿ ಇನ್ನೊಂದು ತಾಪತ್ರಯ ಇದೆ. ಒಂದು ಕಾರ್ಖಾನೆ ಹೆಂಚು ಇನ್ನೊಂದರ ಜೊತೆ ಕೂರಲ್ಲ, ಹಲ್ಲು ಸೇರಲ್ಲ. ಹೆಂಚಿನ ಮೇಲೆ ಕಾರ್ಖಾನೆ ಹೆಸರು ಅಚ್ಚಾಗಿರುತ್ತೆ, ಅದನ್ನ ನೋಡ್ಕೊಂಡು ಹಳೇ ಮನೆ ಕೆಡವೋ ಕಡೆ ನೂರಿನ್ನೂರು ಎತ್ತಿಟ್ಕೊಂಡಿರಿ. ನನ್ನ ಹಿತ್ತಿಲಲ್ಲಿ ಹೆಂಚಿನ ಗುಡ್ಡೆ ಇದೆ. ಅದು ಬೇಕೋ ನಾನು ಬೇಕೋ ಹೇಳು ಅಂತ ಹೆಂಡತಿ ದಿನಾ ಕೇಳ್ತಾಳೆ.

ಕೋತಿಗೆ ವಾರಂಟಿ ಇಲ್ಲ. ಮುರಿದು ಬಿದ್ದ ಕೊಂಬೆಗೆ ಇಲ್ಲ. ಪಾಚಿಗಂತೂ ಇಲ್ವೇ ಇಲ್ಲ.

ಪಾಚಿಗೆ ಇರೋದು ವರ್ಷದ ಒಪ್ಪಂದ. ಮೂರು ಸಲ ಹೋಗ್ತೀವಿ. ಏಪ್ರಿಲ್, ಮೇ ತಿಂಗಳಲ್ಲಿ ಎಲೆ ಗುಡಿಸಿ, ದಂಬೆ ಅಂದ್ರೆ ಸೂರಿನ ನೀರು ಹರಿಯೋ ಕಾಲುವೆ ಸ್ವಚ್ಛ ಮಾಡಿ, ಜಾರಿದ ಹೆಂಚು ಕೂರಿಸೋದು. ಆಗಸ್ಟಲ್ಲಿ ಮಳೆ ಹೊಳವಾದಾಗ ಒಂದು ಸಲ, ಏಣಿ ಮೇಲೆ ನಿಂತೇ ದಂಬೆ ಕಟ್ಟಿದ್ಯಾ ನೋಡೋದು, ಹೆಂಚಿನ ಮೇಲೆ ಕಾಲಿಡಲ್ಲ. ನವೆಂಬರ್, ಡಿಸೆಂಬರಲ್ಲಿ ಒಣಹವೆ ನೋಡ್ಕೊಂಡು ಬ್ರಶ್ಶಲ್ಲಿ ಉಜ್ಜಿ ಔಷಧಿ ಹೊಡೆಯೋದು. ಔಷಧಿ ಹೊಡೆದ ದಿನ ಮಳೆ ಬಂದ್ರೆ ಅಷ್ಟೂ ತೊಳ್ಕೊಂಡು ಹೋಗುತ್ತೆ, ಅದಕ್ಕೇ ಆ ತಿಂಗಳು. ನನ್ನ ರೇಟು ವರ್ಷಕ್ಕೆ 9,000, ಮೂರು ಕಂತು. 38 ಮನೆ ಇದೆ. ಅಂದ್ರೆ ಜನವರಿಲೇ ನಂಗೆ ಗೊತ್ತು, ಈ ವರ್ಷ 3,42,000 ಬರುತ್ತೆ ಅಂತ. ಹುಡುಗರಿಗೆ ಮಳೆಗಾಲದಲ್ಲೂ ಸಂಬಳ ಕೊಡಬಹುದು. ಅಡಿಕೆಗೆ ಕೊಳೆರೋಗ ಬರೋ ಕಾಲದಲ್ಲಿ ಅವರು ಮರ ಹತ್ತೋಕೆ ಹೋಗಿ ವಾಪಸ್ ಬರ್ದೇ ಇರೋದು ತಪ್ಪುತ್ತೆ.

ಕಾಮೆಂಟಲ್ಲಿ ಇನ್ನೊಬ್ರು: "ಇದೆಲ್ಲ ಬೆಂಗಳೂರಿಂದ ಬಂದ ದುಡ್ಡು ಮಾಡೋ ಪ್ಲ್ಯಾನು." ದುಡ್ಡು ಮಾಡೋ ಪ್ಲ್ಯಾನೇ ಸ್ವಾಮಿ, ಪುಣ್ಯ ಮಾಡೋದಕ್ಕೆ ಬೇರೆ ಜಾಗ ಇದೆ. ಬೆಂಗಳೂರಿಂದ ಬಂದದ್ದು ಅಂದ್ರಲ್ಲ, ಅಲ್ಲೇ ತಪ್ಪಿದ್ದು. ನಿಮ್ಮಜ್ಜನ ಕಾಲದಲ್ಲಿ ಸೋಗೆ ಮನೆ ಇರ್ಲಿಲ್ವಾ? ವರ್ಷ ವರ್ಷ ಹೊದಿಸ್ತಿರ್ಲಿಲ್ವಾ? ಹೆಂಚು ಬಂದ ಮೇಲೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋಕೆ ಅಂತ ಒಬ್ಬ ಗೊತ್ತಿನ ಆಳು ಬರ್ತಿರ್ಲಿಲ್ವಾ? ಅವನಿಗೆ ಅಕ್ಕಿ, ಕಾಯಿ, ಒಂದು ಪಂಚೆ. ಅದೇ ವರ್ಷದ ಒಪ್ಪಂದ! ನಾನು ಅದಕ್ಕೆ ಬಿಲ್ ಬುಕ್ ಸೇರಿಸಿದೀನಿ, ಪಂಚೆ ತೆಗೆದಿದೀನಿ. ಆ ಆಳನ್ನ ಯಾರಾದ್ರೂ "ಐದು ವರ್ಷ ಸೋರಲ್ಲ ಅಂತ ಬರೆದು ಕೊಡು" ಅಂದಿದ್ರಾ?

ಅಷ್ಟು ದೂರ ಯಾಕೆ. ಅಡಿಕೆಗೆ ಕೊಳೆ ಔಷಧಿ ಹೊಡೆಸ್ತೀರಿ. ಮೈಲುತುತ್ತ, ಸುಣ್ಣ ಕಲಸಿ ಮಳೆಗೆ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತಿದೋನಿಗೆ ವಾರಂಟಿ ಕೇಳಿದೀರಾ? ಕೇಳಿ ನೋಡಿ, ಮೇಲಿಂದಾನೇ ನಿಮ್ಮ ತಲೆಗೆ ಹೊಡೀತಾನೆ. ಅಡಿಕೆಗೆ ಒಂದು ನ್ಯಾಯ, ಹೆಂಚಿಗೆ ಒಂದು ನ್ಯಾಯ. ಅಂದಹಾಗೆ ಈ ಮೈಲುತುತ್ತ, ಸುಣ್ಣದ ಔಷಧೀನೇ ಬೋರ್ಡೋ ಅನ್ನೋದು, ಮಿಕ್ಕಿದ್ದನ್ನ ಮಾಡಿಗೆ ಹೊಡೆಯೋ ಬುದ್ಧಿವಂತರಿದಾರೆ. ಹೊಡೀಬೇಡಿ. ತಾಮ್ರದ ನೀರು ತಗಡಿನ ದಂಬೆ ತಿನ್ನುತ್ತೆ, ಆಮೇಲೆ ಹೋಗೋದು ಬಾವಿಗೆ. ಬ್ಲೀಚಿಂಗೂ ಹಾಗೇ, ಸೂರಿನ ಕೆಳಗಿನ ಅಕ್ಕನ ಅಂತೂರಿಯಂ ಕುಂಡಗಳೆಲ್ಲ ಒಂದೇ ವಾರದಲ್ಲಿ ಬೋಳು. ಹೆಂಚಿಗಾದ್ರೂ ವಾರಂಟಿ ಕೊಟ್ಟು ಬದುಕಬಹುದು, ಅಂತೂರಿಯಂಗೆ ಆಗಲ್ಲ.

"ಬೇರೆಯವರು ಕೊಡ್ತಾರಲ್ಲ?" ಕೊಡ್ತಾರೆ. ಪ್ರೆಶರ್ ವಾಷರ್ ತಂದು ಬುರ್ರ್ ಅಂತ ಹೊಡೆದು ಹೆಂಚಿನ ಚರ್ಮ ಕಿತ್ತು ಹೋಗ್ತಾರೆ. ಅವತ್ತು ಫಳಫಳ. ಚರ್ಮ ಹೋದ ಹೆಂಚು ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತೆ, ಪಾಚಿ ಇನ್ನೂ ಬೇಗ ಕೂರುತ್ತೆ. ಆಗ ಫೋನ್ ಮಾಡಿ ನೋಡಿ, "ನೀವು ಕರೆ ಮಾಡುತ್ತಿರುವ ಚಂದಾದಾರರು." ಅವರು ಕೊಡೋದು 5 ವರ್ಷ ವಾರಂಟಿ, ಸಿಮ್ಮಿಗೆ 5 ತಿಂಗಳು.

ನೀವು ಊರಲ್ಲೇ ಇರೋರು, ಸಿಮ್ ಬದಲಾಯಿಸಿ ಎಲ್ಲಿಗೆ ಹೋಗ್ತೀರಿ? 2019ರ ಗ್ರಾಹಕ ರಕ್ಷಣಾ ಕಾಯ್ದೆ ಇದೆ. 5 ಲಕ್ಷದವರೆಗಿನ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕಾನೇ ಇಲ್ಲ. ಕೈಯಲ್ಲಿ ನಿಮ್ಮ ಸೀಲ್ ಇರೋ ಕಾಗದ, ಅದೂ ಲ್ಯಾಮಿನೇಟ್ ಆಗಿರೋದು! ಬರೆದು ಕೊಟ್ಟ ಮೇಲೆ "ಮಳೆ ಜಾಸ್ತಿ ಆಯ್ತು ಸ್ವಾಮಿ" ಅಂತ ಹೇಳ್ಕೊಂಡು ನಿಂತ್ರೆ ಯಾರು ಕೇಳ್ತಾರೆ? ಚಿಕ್ಕಮಗಳೂರಲ್ಲಿ ಮಳೆ ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿರ್ಲಿಲ್ವಾ ಅಂತಾರೆ. ಇದಕ್ಕೇ ನಾನು ಒಂದು ಒಪ್ಪಂದದ ನಮೂನೆ ಮಾಡಿದೀನಿ, ಎರಡೇ ಪುಟ, ಅಚ್ಚ ಕನ್ನಡ, 199 ರೂಪಾಯಿ, ಲಿಂಕ್ ಕೆಳಗಿದೆ. ಸಣ್ಣ ಅಕ್ಷರ ಇಲ್ಲ. ಕೋತಿ ಅನ್ನೋ ಪದ ದಪ್ಪಕ್ಷರದಲ್ಲಿದೆ.

"ಜನ ಗ್ಯಾರಂಟಿ ಕೇಳ್ತಾರಣ್ಣ." ಕೇಳ್ತಾರೆ, 2023ರಿಂದ ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಅಂದ್ರೆ ಐದೇ ಅಂತ ಲೆಕ್ಕ ಆಗಿಬಿಟ್ಟಿದೆ. ಅದನ್ನ ಕೊಡೋಕೆ ಸರ್ಕಾರಕ್ಕೆ ಖಜಾನೆ ಇದೆ. ನಂಗಿರೋದು ಒಂದು ಹಳೇ ಜೀಪು.

"ಒಪ್ಪಂದಕ್ಕೆ ಜನ ಸಹಿ ಹಾಕಲ್ಲ." 38 ಜನ ಹಾಕಿದಾರೆ, ಅವರು ಜನ ಅಲ್ವಾ? "ಮೂರು ಸಲ ಬರ್ತೀನಿ ಅಂತ ಹೇಳಿ ಎರಡೇ ಸಲ ಬರ್ತಾರೆ." ಹಾಗೆ ಮಾಡೋನಿಗೆ ಮೂರನೇ ಕಂತು ಕೊಡಬೇಡಿ, ಮುಗೀತು. "ನಮ್ಮ ಮನೆಗೆ ಪಾಚಿ ಬರಲ್ಲ, ವಾಸ್ತು ಪ್ರಕಾರ ಕಟ್ಟಿದೀವಿ." ಇದನ್ನ ನಾನು ಹೇಳ್ತಿಲ್ಲ, ನಿಜವಾಗ್ಲೂ ಕಾಮೆಂಟಲ್ಲಿದೆ. ಇದಕ್ಕೆ ನಾನೇನು ಉತ್ತರ ಕೊಡ್ಲಿ? ಈಶಾನ್ಯದಲ್ಲಿ ಪಾಚಿ ಬಂದ್ರೆ ಒಳ್ಳೇದಂತೆ, ಹೋಗಿ.

ಬರ್ಕೊಂಡಿದ್ದ ಪಾಯಿಂಟ್ ಎಲ್ಲ ಮುಗೀತು. ಹಾಳೆ ಮೇಲೆ ಇನ್ನೊಂದೇ ಸಾಲಿದೆ, "ಪಾಚಿಗೆ ವಾರಂಟಿ ಇಲ್ಲ", ಕೆಳಗೆ ಮೂರು ಗೆರೆ ಎಳೆದಿದೀನಿ. ಇಲ್ಲ ಅಂದ್ರೆ ಇಲ್ಲ. ನಮ್ಮಪ್ಪ ಬಂದು ಕೇಳಿದ್ರೂ ಇಲ್ಲ. ನಮ್ಮಪ್ಪ ಕೇಳಿದಾರೆ, ಇಲ್ಲ ಅಂದಿದೀನಿ, ಆವತ್ತಿಂದ ಅವರ ಮನೆ ಹೆಂಚು ಬೇರೆಯವರ ಹತ್ರ ತೊಳೆಸ್ತಿದಾರೆ. ಪರವಾಗಿಲ್ಲ.

ಆ ಕಾಮೆಂಟ್ ಹಾಕಿದ ಮಹಾನುಭಾವರಿಗೆ ಒಂದು ಆಹ್ವಾನ. ನೀವು ಕಿಗ್ಗಾಗೆ ಬನ್ನಿ, ನಾನೂ ಬರ್ತೀನಿ. ದೇವರ ಎದುರು ಕೂತು, ಇನ್ನು 5 ವರ್ಷ ನಿಮ್ಮ ಮನೆ ಮೇಲೆ ಮಂಜು ಇಳಿಯಲ್ಲ, ಮಳೆ ಬೀಳಲ್ಲ, ಸಿಲ್ವರ್ ಓಕ್ ಎಲೆ ಉದುರಲ್ಲ ಅಂತ ನೀವು ಬರೆದು ಕೊಡಿ. ಅದರ ಕೆಳಗೆ ಪಾಚಿ ಬರಲ್ಲ ಅಂತ ನಾನು ಬರೆದು ಸೀಲ್ ಹೊಡೀತೀನಿ. ಸ್ಟ್ಯಾಂಪ್ ಪೇಪರ್ ಖರ್ಚು ನಂದು, ಲ್ಯಾಮಿನೇಶನ್ ನಿಮ್ದು.

ಕರೆಂಟ್ ಹೋಯ್ತು. ಮೈಕ್ ಬ್ಯಾಟರಿಲಿದೆ, ಎಷ್ಟು ಹೊತ್ತು ಬರುತ್ತೋ ಗೊತ್ತಿಲ್ಲ, ಅದಕ್ಕೂ ವಾರಂಟಿ ಮುಗಿದಿದೆ. ಮುಂದಿನ ವಾರ ಏಣಿ.